ತಿಪ್ಪೆಯಲ್ಲಿ ಸಿಕ್ಕ ಕಾಗದ

ಈಜಿಪ್ಟಿನ ಆಕ್ಸಿರಿಂಕಸ್ ಎಂದೊಡನೆ ನಮಗೆ ನೆನಪಾಗುವುದು, ಕನ್ನಡದ ಮಾತುಗಳಿವೆ ಎಂದು ಕೆಲವು ವಿದ್ವಾಂಸರು ವಾದಿಸಿದ ಗ್ರೀಕ್ ಪ್ರಹಸನ. ಆ ಪಟ್ಟಣದ ಹಳೆಯ ಕಸದ ದಿಬ್ಬಗಳನ್ನು 1896ರ ಕೊನೆಯಿಂದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆಸಿದಾಗ ನಾಟಕಗಳಷ್ಟೇ ಅಲ್ಲ, ಬಡವರ ಸಂಸಾರದ ಕಾಗದಗಳೂ ಹೊರಬಂದವು.

ಅವುಗಳಲ್ಲೊಂದು ಕ್ರಿ.ಪೂ. 1ರದು. ಅಲೆಕ್ಸಾಂಡ್ರಿಯಾಕ್ಕೆ ದುಡಿಯಲು ಹೋಗಿದ್ದ ಹಿಲಾರಿಯನ್ ಊರಿನಲ್ಲಿದ್ದ ಗರ್ಭಿಣಿ ಹೆಂಡತಿ ಆಲಿಸ್‌ಗೆ ಬರೆದದ್ದು. ಮನೆಯಲ್ಲಿರುವ ಮಗುವನ್ನು ಜೋಪಾನವಾಗಿ ನೋಡಿಕೋ, ಕೂಲಿ ಕೈಸೇರಿದೊಡನೆ ಕಳಿಸುತ್ತೇನೆ, ನಿನ್ನನ್ನು ಹೇಗೆ ತಾನೇ ಮರೆಯಲಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಹುಟ್ಟುವುದು ಗಂಡಾದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕು ಎಂದೂ ಹೇಳುತ್ತಾನೆ.

ಹೀಗೆ ಬಿಟ್ಟ ಕೂಸುಗಳಲ್ಲಿ ಕೆಲವನ್ನು ಯಾರಾದರೂ ಎತ್ತಿಕೊಂಡು, ಹಾಲೂಡುವ ದಾದಿಗೆ ಸಂಬಳ ಕೊಟ್ಟು, ಗುಲಾಮರನ್ನಾಗಿ ಬೆಳೆಸುತ್ತಿದ್ದರು. ಆ ದಾದಿಯರ ಕರಾರುಪತ್ರಗಳೂ ಉಳಿದಿವೆ. 'ತಿಪ್ಪೆಯವನು' ಎಂಬರ್ಥದ ಕೊಪ್ರೆಯುಸ್ ಎಂಬ ಹೆಸರೂ ಅಲ್ಲಿತ್ತು.

ಹಿಲಾರಿಯನ್‌ನನ್ನು ರಾಕ್ಷಸ ಎಂದು ಕರೆದು ನಾವು ಸುಮ್ಮನಾಗುವಂತಿಲ್ಲ. ಅವನು ಹೆಂಡತಿ ಮಕ್ಕಳ ಚಿಂತೆಯುಳ್ಳ ಕೂಲಿಕಾರ. ಅಂದಿನ ರೂಢಿ ಅವನಿಗೆ ಆ ಮಾತು ತಪ್ಪೆಂದು ಹೇಳಿರಲಿಲ್ಲ. ಮನೆಯ ಪ್ರೀತಿಯೊಂದೇ ಹೆಣ್ಣುಕೂಸನ್ನು ಕಾಯುವುದಿಲ್ಲ ಎಂಬುದಕ್ಕೆ ಆ ಕಾಗದ ಎರಡು ಸಾವಿರ ವರ್ಷಗಳ ಹಳೆಯ ಸಾಕ್ಷಿ.