ಒಬ್ಬರು ಎಚ್ಚರ ಇರಬೇಕು

ಲಿನಕ್ಸಿನ ಹಳೆಯ ಆವೃತ್ತಿಗಳು ಶುರುವಾಗುವಾಗ ಕಪ್ಪು ಪರದೆಯ ಮೇಲೆ ಸಾಲುಗಟ್ಟಿ ಬರಹ ಓಡುತ್ತಿತ್ತು. ನಡುವೆ ಒಂದು ಸಾಲು: ‘ಚೆಕಿಂಗ್ ಹಾಲ್ಟ್ ಇನ್‌ಸ್ಟ್ರಕ್ಷನ್... ಓಕೆ.’ ಪ್ರೊಸೆಸರ್‌ಗೆ ‘ನಿಲ್ಲು’ ಎಂದು ಹೇಳಿ, ನಿಂತದ್ದು ಮತ್ತೆ ಎದ್ದು ಬರುತ್ತದೋ ಇಲ್ಲವೋ ಎಂದು ಕರ್ನೆಲ್ ಅಲ್ಲಿ ಪರೀಕ್ಷೆ ಮಾಡುತ್ತಿತ್ತು. ಕೆಲವು 486 ಯಂತ್ರಗಳು ಹಾಗೆ ನಿಂತರೆ ನಿಂತೇಬಿಡುತ್ತಿದ್ದವು. ಅಂಥವುಗಳಿಗಾಗಿ ‘ನೋ ಹಾಲ್ಟ್’ ಎಂಬ ಆಯ್ಕೆಯನ್ನೇ ಇಟ್ಟಿದ್ದರು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಆ ಸಾಲು ನನ್ನ ಕಣ್ಣ ಮುಂದೆ ಎಷ್ಟೋ ಸಲ ಹಾದುಹೋಗಿದೆ. ಮುಂದೆ ನನ್ನ ಅನ್ನ ಅದರಲ್ಲೇ ಇದೆ ಎಂದು ಆಗ ಅನಿಸಿರಲಿಲ್ಲ.

ಹಾಲ್ಟ್ ಆದೇಶ 1978ರ 8086 ಚಿಪ್ಪಿನಲ್ಲೇ ಇತ್ತು. ಆದರೆ ಅದನ್ನು ಕರೆಂಟ್ ಉಳಿಸಲೆಂದು ಮಾಡಿರಲಿಲ್ಲ. ಇಂಟೆಲ್ ಅದನ್ನು ನಿಜವಾದ ಉಳಿತಾಯಕ್ಕೆ ಹೊಂದಿಸಿದ್ದು 1994ರ ಡಿಎಕ್ಸ್4 ಚಿಪ್ಪಿನಿಂದ. ಅಲ್ಲಿಯವರೆಗೆ ಡಾಸ್ ಏನು ಮಾಡುತ್ತಿತ್ತು? ಕೀ ಒತ್ತಿದರೇ, ಒತ್ತಿದರೇ ಎಂದು ಸುತ್ತುತ್ತಲೇ ಇರುತ್ತಿತ್ತು. ನೀವು ಚಹಾಕ್ಕೆ ಹೋದರೂ ಪ್ರೊಸೆಸರ್ ಪೂರ್ತಿ ಬಿಸಿ. ವಿಂಡೋಸ್ 95 ಕೂಡ ಕೆಲಸವಿಲ್ಲದಾಗ ಹಾಲ್ಟ್ ಹೇಳುತ್ತಿರಲಿಲ್ಲ. ಅದಕ್ಕಾಗಿ ಜನ ‘ರೈನ್’, ‘ವಾಟರ್‌ಫಾಲ್’ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಹುಡುಕಿ ಹಾಕಿಕೊಳ್ಳುತ್ತಿದ್ದರು. ಲಿನಕ್ಸಿಗೆ ಈ ಬುದ್ಧಿ ಮೊದಲೇ ಇತ್ತು.

ಇಷ್ಟಕ್ಕೇ ಮುಗಿಯಿತು ಎನ್ನುವ ಹಾಗಿರಲಿಲ್ಲ. ಕರ್ನೆಲ್ ಅಂದರೆ ಯಂತ್ರದೊಳಗೆ ಎಲ್ಲರಿಗೂ ಪಾಳಿ ಹಂಚುವ ತಂತ್ರಾಂಶ. ಪಾಳಿ ಹಂಚಲು ಅದಕ್ಕೆ ಗಡಿಯಾರದ ಬಡಿತ ಬೇಕು. ಪಿಸಿಗಳಲ್ಲಿ ಲಿನಕ್ಸ್ ಸೆಕೆಂಡಿಗೆ 100 ಬಾರಿ ಬಡಿಯುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿ ಅದನ್ನು 1000ಕ್ಕೆ ಏರಿಸಿತು. 2005ರಲ್ಲಿ, 2.6.13ರ ಹೊತ್ತಿಗೆ, 250ಕ್ಕೆ ಇಳಿಸಿದರು. ಸಾವಿರ ಬಡಿತವೆಂದರೆ ಮಿಲಿಸೆಕೆಂಡಿಗೊಮ್ಮೆ ಪ್ರೊಸೆಸರ್ ಎದ್ದು ‘ಏನಾದರೂ ಕೆಲಸ ಇದೆಯೇ’ ಎಂದು ನೋಡಿ ಮತ್ತೆ ಮಲಗಬೇಕು. ಮಲಗಿಸುವ ಆದೇಶ ಕೊಡುವುದು ಸುಲಭ, ಮಲಗಿದ್ದನ್ನು ಎಬ್ಬಿಸದೆ ಬಿಡುವುದೇ ಕಷ್ಟ. ಮುಂದಿನ ಇಪ್ಪತ್ತು ವರ್ಷದ ಇತಿಹಾಸವೆಲ್ಲ ಈ ಕಷ್ಟದ ಸುತ್ತಲೇ ನಡೆದಿದೆ ಎಂಬುದು ನನ್ನ ಎಣಿಕೆ.

ಇದು ಮೊದಲು ಚುಚ್ಚಿದ್ದು ಲ್ಯಾಪ್‌ಟಾಪಿನವರಿಗಲ್ಲ, ಮೇನ್‌ಫ್ರೇಮಿನವರಿಗೆ. ಐಬಿಎಂನ ಒಂದೇ ದೊಡ್ಡ ಯಂತ್ರದ ಮೇಲೆ ನೂರಾರು ಲಿನಕ್ಸ್‌ಗಳನ್ನು ಒಟ್ಟಿಗೆ ಓಡಿಸಬಹುದಿತ್ತು. ಅವೆಲ್ಲ ಖಾಲಿ ಕೂತಿದ್ದರೂ ಒಂದೊಂದೂ ಸೆಕೆಂಡಿಗೆ ನೂರು ಬಾರಿ ಎದ್ದರೆ, ಎದ್ದು ಕೂರುವುದರಲ್ಲೇ ಯಂತ್ರದ ಶಕ್ತಿ ಕರಗುತ್ತಿತ್ತು. 2001ರಲ್ಲಿ ಜರ್ಮನಿಯ ಮಾರ್ಟಿನ್ ಶ್ವಿಡೆಫ್‌ಸ್ಕಿ ಇದಕ್ಕೊಂದು ತಿದ್ದುಪಡಿ ಬರೆದರು: ಕೆಲಸವಿಲ್ಲದಿದ್ದರೆ ಬಡಿತವನ್ನೇ ನಿಲ್ಲಿಸು. ಪಿಸಿಗಳಿಗೆ ಆ ವಿಚಾರ ಮುಟ್ಟಲು 2007ರ ಏಪ್ರಿಲ್ ಬರಬೇಕಾಯಿತು. ಥಾಮಸ್ ಗ್ಲೈಕ್ಸ್‌ನರ್, ಇಂಗೊ ಮೋಲ್ನಾರ್ ಅವರ ಕೆಲಸದಿಂದ 2.6.21ರಲ್ಲಿ ‘ಟಿಕ್‌ಲೆಸ್’ ಸೇರಿತು. ಮರುತಿಂಗಳೇ ಇಂಟೆಲ್ಲಿನ ಆರ್ಯನ್ ವಾನ್ ಡಿ ವೆನ್ ‘ಪವರ್‌ಟಾಪ್’ ಬಿಟ್ಟರು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಬಾರಿ ಪ್ರೊಸೆಸರ್‌ನ ನಿದ್ದೆ ಕೆಡಿಸುತ್ತಿದೆ ಎಂದು ಅದು ಹೆಸರು ಹಿಡಿದು ತೋರಿಸಿತು. ಕರ್ನೆಲ್ ಸುಧಾರಿಸಿದ್ದೇ ತಡ, ಕಳ್ಳರೆಲ್ಲ ಹೊರಗಿದ್ದಾರೆ ಎಂದು ಗೊತ್ತಾಯಿತು.

ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ ಅವರೂ ಅಮೆರಿಕದ ಪಾಲ್ ಮೆಕೆನಿಯವರೂ ಸೇರಿ 2002ರಲ್ಲಿ ಕರ್ನೆಲ್ಲಿಗೆ ತಂದ ಆರ್‌ಸಿಯು ಎಂಬ ವ್ಯವಸ್ಥೆಗೂ ಇಲ್ಲಿ ಪಾಲಿದೆ. ಹಳೆಯ ಮಾಹಿತಿಯನ್ನು ಅಳಿಸುವ ಮೊದಲು ಎಲ್ಲ ಪ್ರೊಸೆಸರ್‌ಗಳೂ ಅದನ್ನು ಕೈಬಿಟ್ಟಿವೆಯೇ ಎಂದು ಅದು ಖಾತ್ರಿ ಮಾಡಿಕೊಳ್ಳಬೇಕು. ಬಡಿತ ನಿಂತ ಮೇಲೆ, ಮಲಗಿದ್ದನ್ನು ಎಬ್ಬಿಸಿ ‘ಬಿಟ್ಟೆಯಾ’ ಎಂದು ಕೇಳಿದರೆ ಉಳಿತಾಯವೆಲ್ಲ ಹೋಯಿತು. ಮಲಗಿದ್ದು ಬಿಟ್ಟಂತೆಯೇ ಎಂದು ಲೆಕ್ಕ ಹಿಡಿಯುವುದನ್ನು ಅದಕ್ಕೆ ಆಮೇಲೆ ಕಲಿಸಬೇಕಾಯಿತು.

ಇನ್ನು ಎಷ್ಟು ಆಳ ಮಲಗಬೇಕು ಎಂಬ ಪ್ರಶ್ನೆ. ಹೊಸ ಚಿಪ್ಪುಗಳಲ್ಲಿ ನಿದ್ದೆಗೆ ಹಲವು ಮೆಟ್ಟಿಲು. ಆಳಕ್ಕೆ ಹೋದಷ್ಟೂ ಕರೆಂಟ್ ಕಡಿಮೆ, ಏಳುವುದು ತಡ. ಇಳಿಯಲು ಹತ್ತಲು ಕೂಡ ಶಕ್ತಿ ಖರ್ಚಾಗುತ್ತದೆ. ಬೇಗ ಏಳಬೇಕಾಗಿ ಬಂದರೆ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ವೆಂಕಟೇಶ್ ಪಳ್ಳಿಪಾಡಿ, ಶಾಓಹುವಾ ಲಿ, ಆಡಮ್ ಬೆಲೆ ಮೂವರೂ 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಅವರ ‘ಸಿಪಿಯು ಐಡಲ್’ ಚೌಕಟ್ಟು 2008ರ ಜನವರಿಯಲ್ಲಿ, 2.6.24ರೊಂದಿಗೆ ಹೊರಬಂತು. ಯಾವ ಮೆಟ್ಟಿಲುಗಳಿವೆ ಎಂದು ಹೇಳುವವ ಬೇರೆ, ಈಗ ಯಾವುದಕ್ಕೆ ಇಳಿಯಬೇಕೆಂದು ತೀರ್ಮಾನಿಸುವವ ಬೇರೆ ಎಂದು ಅವರು ಕೆಲಸ ಪಾಲು ಮಾಡಿದರು. ಮೊದಲನೆಯದು ಡ್ರೈವರ್, ಎರಡನೆಯದು ಗವರ್ನರ್. ‘ಮೆನು’ ಎಂಬ ಗವರ್ನರ್ ಮುಂದಿನ ಟೈಮರ್ ಯಾವಾಗ ಎಂದು ನೋಡುತ್ತದೆ, ಹಿಂದಿನ ಸಲ ತನ್ನ ಅಂದಾಜು ಎಷ್ಟು ತಪ್ಪಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಪಂಚಾಂಗ ಹೇಳುತ್ತದೆ.

ನನಗೆ ಬಹಳ ಹಿಡಿಸಿದ ಅಧ್ಯಾಯ ಬೆಂಗಳೂರಿನದು. ಐಬಿಎಂನ ಪವರ್ ಸರ್ವರ್‌ಗಳಿಗೆ ಈ ಚೌಕಟ್ಟನ್ನು ಹೊಂದಿಸಿದ್ದು ಅಲ್ಲಿನ ಲಿನಕ್ಸ್ ತಂಡ. 2012ರಲ್ಲಿ ಸೇರಿದ ಡ್ರೈವರಿನ ಜೊತೆ ಇರುವ ಹೆಸರು ದೀಪ್ತಿ ಧಾರವಾಡ. ಬದಲಾವಣೆಗಳ ಪಟ್ಟಿಯಲ್ಲಿ ಆ ಅಡ್ಡಹೆಸರು ಕಂಡಾಗ ನಮ್ಮ ಕಡೆಯವರಿಗೆ ಆಗುವ ಹಿಗ್ಗನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಪವರ್8 ಚಿಪ್ಪು ಬಂತು. ಅದರೊಳಗೆ ಲೆಕ್ಕ ಮಾಡುವ ಒಂದೊಂದು ಘಟಕಕ್ಕೆ, ಅಂದರೆ ಕೋರಿಗೆ, ಎಂಟು ಥ್ರೆಡ್, ನಿದ್ದೆಗೆ ನ್ಯಾಪ್, ಫಾಸ್ಟ್‌ಸ್ಲೀಪ್, ವಿಂಕಲ್ ಎಂದು ಮೂರು ಆಳ. ತೊಡಕು ಇದ್ದದ್ದು ಫಾಸ್ಟ್‌ಸ್ಲೀಪಿನಲ್ಲಿ. ಅದರೊಳಗೆ ಹೋದ ಕೋರನ್ನು ಅದರದೇ ಗಡಿಯಾರ ಎಬ್ಬಿಸುವುದಿಲ್ಲ. ಇಂಟೆಲ್ ಯಂತ್ರಗಳಲ್ಲಿ ಎಬ್ಬಿಸಲು ಹೊರಗೆ ಬೇರೊಂದು ಗಡಿಯಾರವಿತ್ತು, ಪವರ್‌ನಲ್ಲಿ ಅದೂ ಇಲ್ಲ. ಎಲ್ಲ ಕೋರುಗಳೂ ಮಲಗಿದರೆ ಎಬ್ಬಿಸುವವರು ಯಾರು?

ರಜೆಗೆ ಊರಿಗೆ ಹೋದಾಗ ಕಾಕಾ ಕೇಳಿದ್ದ: “ಏನ್ ಕೆಲಸಾ ಮಾಡ್ತಿಯೋ ತಮ್ಮಾ, ಬೆಂಗಳೂರಾಗ?” ನಾನು ಈ ತೊಡಕನ್ನೇ ಹೇಳಿದೆ. ನಮ್ಮೂರು ಹಿಪ್ಪರಗಿಯಲ್ಲಿ ಕೃಷ್ಣೆಯ ನೀರಿಗೆ ಪಂಪ್ ಹಾಕಿ ಕಬ್ಬು ಬೆಳೆಯುವವರಿಗೆ ಥ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಕಾಯುವುದು ರೂಢಿ. ರಾತ್ರಿ ಸರದಿ ಇದ್ದರೆ ಆಜುಬಾಜು ಹೊಲದವರೆಲ್ಲ ಮಲಗಿ, ಒಬ್ಬನು ಸ್ಟಾರ್ಟರ್ ಹತ್ತಿರ ಕೂತಿರುತ್ತಾನೆ. ಕಾಕಾ ನಕ್ಕ: “ಒಬ್ಬಾಂವ ಎಚ್ಚರ ಇರಬೇಕಲೇ, ಇದರಾಗ ಓದೂದೇನೈತಿ?”

ಐಬಿಎಂನ ಪ್ರೀತಿ ಮೂರ್ತಿಯವರು ಗ್ಲೈಕ್ಸ್‌ನರ್ ಜೊತೆ ಸೇರಿ ಬರೆದದ್ದೂ ಅದನ್ನೇ. ಒಂದು ಕೋರನ್ನು ಕಾವಲಿಗೆ ಇಡುವುದು. ಉಳಿದವರಲ್ಲಿ ಯಾರು ಎಲ್ಲರಿಗಿಂತ ಮೊದಲು ಏಳಬೇಕೋ ಆ ಹೊತ್ತಿಗೆ ಅದು ತನ್ನ ಟೈಮರ್ ಇಟ್ಟುಕೊಳ್ಳುತ್ತದೆ, ಸಮಯಕ್ಕೆ ಸರಿಯಾಗಿ ಸಂದೇಶ ಕಳಿಸಿ ಎಬ್ಬಿಸುತ್ತದೆ. ಅದಕ್ಕೆ ಮಾತ್ರ ಆಳದ ನಿದ್ದೆಗೆ ಪರವಾನಗಿ ಇಲ್ಲ. ಕಾವಲಿನ ಕೋರನ್ನೇ ಯಾರಾದರೂ ಬಂದ್ ಮಾಡಿದರೆ ಪಾಳಿ ಇನ್ನೊಂದಕ್ಕೆ ದಾಟಬೇಕು. ಹೇಳಲು ಒಂದು ವಾಕ್ಯವಾದರೂ ಕೋಡಿನಲ್ಲಿ ಜೀವ ತಿನ್ನುವ ಜಾಗ ಅದು. 2014ರ ಜೂನಿನಲ್ಲಿ, 3.15ರಲ್ಲಿ ಇದು ಹೊರಬಂತು. ಪವರ್9 ಆ ಮೂರೂ ಆದೇಶಗಳನ್ನು ಬಿಟ್ಟು ‘ಸ್ಟಾಪ್’ ಎಂಬ ಒಂದನ್ನೇ ಇಟ್ಟುಕೊಂಡಿತು.

ಆಮೇಲೂ ಕೆಲಸ ನಿಂತಿಲ್ಲ. ಬಡಿತ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಗವರ್ನರ್‌ನ ಅಂದಾಜು ನೋಡಿಯೇ ತೀರ್ಮಾನಿಸುವ ಬದಲಾವಣೆ 2018ರಲ್ಲಿ ಬಂತು. 2019ರಲ್ಲಿ ರಾಫೆಲ್ ವೈಸೋಕಿ ‘ಟಿಯೊ’ ಎಂಬ ಹೊಸ ಗವರ್ನರ್ ಸೇರಿಸಿದರು.

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂದರೆ ಕಂಪನಿ, ಕ್ಯಾಂಪಸ್, ಶೇರು ಬೆಲೆ. ಈ ಮೌನದ ಕೆಲಸಕ್ಕೆ ಅದರಲ್ಲಿ ಜಾಗವಿಲ್ಲ, ಅದು ಸರಿಯಲ್ಲ. ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯಿಂದ ಇಂಜಿನಿಯರಿಂಗಿಗೆ ಹೋಗಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು: ಕರ್ನೆಲ್ಲಿನ ಕೋಡು ಬಿಟ್ಟಿ ಸಿಗುತ್ತದೆ, ಯಾರ ಅಪ್ಪಣೆಯೂ ಬೇಡ. ಇಳಿಸಿಕೊಂಡು ‘ಡ್ರೈವರ್ಸ್’ ಒಳಗಿನ ‘ಸಿಪಿಯು ಐಡಲ್’ ಫೋಲ್ಡರ್ ತೆರೆಯಿರಿ, ‘ಮೆನು’ ಗವರ್ನರ್‌ನ ಫೈಲಿನ ತಲೆಯ ಟಿಪ್ಪಣಿಯಿಂದ ಓದಲು ಶುರು ಮಾಡಿ.