ಮುಳುಗಿದ ಕಾಸಿನ ಬಣ್ಣ

1809ರ ಜನವರಿಯ ಕೊನೆಯ ವಾರದಲ್ಲಿ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಈಸ್ಟ್ ಇಂಡಿಯಾ ಕಂಪನಿಯ ಹಡಗು ಇಂಗ್ಲೆಂಡಿನ ಕೆಂಟ್ ಕರಾವಳಿಯ ಎದುರಿಗಿರುವ ಗುಡ್ವಿನ್ ಸ್ಯಾಂಡ್ಸ್ ಮರಳುದಿಬ್ಬಕ್ಕೆ ಸಿಕ್ಕಿ ಒಡೆದುಹೋಯಿತು. ಹಡಗು ಮದ್ರಾಸಿಗೆ ಹೊರಟಿತ್ತು. ಅದರ ಹೊಟ್ಟೆಯಲ್ಲಿ ಲಂಗರುಗಳು, ಕಬ್ಬಿಣ, ಫಿರಂಗಿ ಗುಂಡುಗಳ ಜೊತೆಗೆ ಸುಮಾರು 48 ಟನ್ ತೂಕದ ತಾಮ್ರದ ನಾಣ್ಯಗಳಿದ್ದವು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರಗಳಲ್ಲಿ ಅಚ್ಚಾದ ಹತ್ತು ಕಾಸು ಮತ್ತು ಇಪ್ಪತ್ತು ಕಾಸಿನ ಬಿಲ್ಲೆಗಳು ಅವು. ಒಂದು ಮುಖದಲ್ಲಿ ಕಂಪನಿಯ ಲಾಂಛನ ಮತ್ತು 1808 ಎಂಬ ಇಸವಿ, ಇನ್ನೊಂದರಲ್ಲಿ ಇಷ್ಟು ಕಾಸಿಗೆ ಇಷ್ಟು ಫಲೂಸು ಎಂದು ಹೇಳುವ ಪಾರಸಿ ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಬೆಲೆ. ಆ ಚಿಲ್ಲರೆ ಹೊರಟಿದ್ದ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಆಗ ನಮ್ಮ ಬಳ್ಳಾರಿಯೂ ಇತ್ತು, ಮಂಗಳೂರೂ ಇತ್ತು. ಆದರೆ ಆ ಬಿಲ್ಲೆಗಳ ಮೇಲೆ ಕನ್ನಡ, ತೆಲುಗು, ತಮಿಳಿನ ಒಂದಕ್ಷರವೂ ಇಲ್ಲ. ಬಳಸುವವರು ಓದುತ್ತಾರೆಂದು ಯಾರೂ ನಿರೀಕ್ಷಿಸಿದಂತಿಲ್ಲ.

1980ರ ದಶಕದ ನಡುವಿನಲ್ಲಿ ಮುಳುಗುಗಾರರು ಆ ಸರಕನ್ನು ಮೇಲೆತ್ತಿದರು. ಹತ್ತು ಲಕ್ಷಕ್ಕೂ ಮಿಕ್ಕಿ ನಾಣ್ಯಗಳು ಸಿಕ್ಕವು. ಬಹಳಷ್ಟು ಹಸಿರುಗಟ್ಟಿದ್ದವು, ಕಪ್ಪಾಗಿದ್ದವು, ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಆದರೆ ಮರದ ಪೀಪಾಯಿಗಳಲ್ಲಿ ಒತ್ತೊತ್ತಾಗಿ ತುಂಬಿದ್ದ ರಾಶಿಯ ನಟ್ಟನಡುವೆ ಇದ್ದ ಕೆಲವು ಬೇರೆಯೇ ರೀತಿಯಲ್ಲಿ ಹೊರಬಂದವು. ಉಪ್ಪು ನೀರಿನಡಿ 175 ವರ್ಷ ಕಳೆದ ಮೇಲೂ ಅವುಗಳ ಮೇಲೆ ಟಂಕಸಾಲೆಯ ಕೆಂಪು ಉಳಿದಿತ್ತು. ನನ್ನ ಪಿಎಚ್.ಡಿ. ಅಧ್ಯಯನದ ವಸ್ತು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ತಾಮ್ರದ ಚಿಲ್ಲರೆ. ದಿನಾ ಕಂದು, ಕಪ್ಪು, ಕಿಲುಬಿನ ಹಸಿರನ್ನೇ ನೋಡುವ ಕಣ್ಣಿಗೆ ಆ ಕೆಂಪು ಸ್ವಲ್ಪ ಅಸಹಜವೆಂದೇ ಕಾಣುತ್ತದೆ, ಹಳೆಯ ಫೋಟೋದಲ್ಲಿ ಒಬ್ಬರ ಮುಖಕ್ಕೆ ಮಾತ್ರ ಬಣ್ಣ ಹಚ್ಚಿದ ಹಾಗೆ.

ನನ್ನ ವಿಷಯ ಗೊತ್ತಾದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ತಾಮ್ರದ ನಾಣ್ಯದ ಮೂಲ ಬಣ್ಣ ಹೋಗದಂತೆ ಇಡುವುದು ಹೇಗೆ? ಆ ಪೀಪಾಯಿಗಳಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ಉಳಿದರ್ಧಕ್ಕೆ ಮೂಲ ಬಣ್ಣವೆಂದರೆ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಅಚ್ಚಿನಿಂದ ಆಗಷ್ಟೇ ಬಿದ್ದ ತಾಮ್ರದ ಬಿಲ್ಲೆಗೆ ಕಿತ್ತಳೆ ಬೆರೆತ ನಸುಗೆಂಪು ಇರುತ್ತದೆ. ಗಾಳಿ ತಗುಲಿದ ಗಳಿಗೆಯಿಂದಲೇ ಆಮ್ಲಜನಕದೊಡನೆ ಸೇರಿ ಅದರ ಮೇಲೆ ಕ್ಯೂಪ್ರಸ್ ಆಕ್ಸೈಡಿನ ತೆಳುಪದರ ಕಟ್ಟತೊಡಗುತ್ತದೆ. ಆರಂಭದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಈ ಪದರ ದಪ್ಪವಾದಂತೆ ಕೆಂಪು ಮಾಸಿ ಕಂದಾಗುತ್ತದೆ. ಗಂಧಕದ ಅಂಶ ತಾಗಿದರೆ ಕಪ್ಪು. ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಸೇರಿದರೆ ಮ್ಯಾಲಕೈಟ್ ಜಾತಿಯ ಹಸಿರು. ಇವೆಲ್ಲ ಒಂದು ಹಂತ ತಲುಪಿ ನಿಲ್ಲುವಂಥವು. ಗಟ್ಟಿಯಾಗಿ, ನುಣ್ಣಗೆ ಕೂತ ಕಂದು ಪದರವಂತೂ ಕೆಳಗಿನ ಲೋಹಕ್ಕೆ ಒಂದು ಬಗೆಯ ಹೊದಿಕೆ. ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಒಳಹೊಕ್ಕಾಗ ಮಾತ್ರ ಕಥೆ ಬೇರೆ. ತೇವ ಮತ್ತು ಆಮ್ಲಜನಕ ಸಿಕ್ಕಾಗಲೆಲ್ಲ ಅದು ತಾಮ್ರವನ್ನು ತಿನ್ನುತ್ತದೆ, ತಿಂದ ಮೇಲೂ ತಾನು ಖರ್ಚಾಗದೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ತೆಳುಹಸಿರು ಹಿಟ್ಟಿನಂಥ ಚುಕ್ಕೆಗಳು ಮೂಡಿ, ಮುಟ್ಟಿದರೆ ಉದುರುತ್ತವೆ. ಸಂರಕ್ಷಣಾ ತಜ್ಞರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ನಮ್ಮ ಕಿಲುಬು ಎಂಬ ಪದ ಈ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತದೆ, ಪಾತ್ರೆ ತಿಕ್ಕುವವರಿಗೆ ಅಷ್ಟು ಸಾಕಿತ್ತು. ನಾಣ್ಯ ಇಟ್ಟುಕೊಳ್ಳುವವರು ಮಾತ್ರ ನಿಂತ ಕಿಲುಬು ಯಾವುದು, ತಿನ್ನುತ್ತಿರುವ ಕಿಲುಬು ಯಾವುದು ಎಂದು ಗುರುತಿಸಲೇಬೇಕು.

ಪೀಪಾಯಿಯ ನಡುವಿನ ಕಾಸು ಉಳಿದದ್ದು ಏಕೆಂದು ಈಗ ಊಹಿಸಬಹುದು. ಹೊರಸುತ್ತಿನ ನಾಣ್ಯಗಳು ಉಪ್ಪನ್ನೂ ಆಮ್ಲಜನಕವನ್ನೂ ತಾವು ಉಂಡು, ಹಸಿರುಗಟ್ಟಿ, ಒಳಗಿನವುಗಳಿಗೆ ಗೋಡೆಯಾದವು. ಮೇಲೆ ಮರಳು ಮುಚ್ಚಿತು. ಒಳಗೆ ನೀರು ಇದ್ದರೂ ಅದು ಹರಿಯುವ ನೀರಲ್ಲ. ಮುಖಕ್ಕೆ ಮುಖ ಒತ್ತಿ ಕೂತ ಬಿಲ್ಲೆಗಳ ನಡುವೆ ಹೊಸ ಆಮ್ಲಜನಕ ಬರಲು ದಾರಿ ಇರಲಿಲ್ಲ. ಮುಖ್ಯವಾಗಿ, ಅವನ್ನು ಯಾರೂ ಮುಟ್ಟಲಿಲ್ಲ.

ಮುಟ್ಟುವುದು ಎಂದರೇನು ಎಂದು ತಿಳಿಯಲು ಸಮುದ್ರ ದಾಟಿ ಬಂದ ಅಣ್ಣತಮ್ಮಂದಿರನ್ನು ನೋಡಬೇಕು. ಅದೇ ಇಸವಿಯ, ಅದೇ ಅಚ್ಚಿನ ಕಾಸುಗಳು ಬೇರೆ ಹಡಗುಗಳಲ್ಲಿ ಮದ್ರಾಸು ಮುಟ್ಟಿ ಚಲಾವಣೆಯಾದವು. ಕಂಪನಿಯ ಮದ್ರಾಸ್ ಲೆಕ್ಕದಲ್ಲಿ 80 ಕಾಸಿಗೆ ಒಂದು ಫಣ, 42 ಫಣಕ್ಕೆ ಒಂದು ವರಹ. ಅಂದರೆ ಒಂದು ಚಿನ್ನದ ವರಹಕ್ಕೆ ಹತ್ತು ಕಾಸಿನ ಬಿಲ್ಲೆಗಳು 336 ಬೇಕು, ತೂಗಿದರೆ ಒಂದೂವರೆ ಕಿಲೋಗಿಂತ ಹೆಚ್ಚು ತಾಮ್ರ. ವರಹ ಸಾಹುಕಾರನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು; ಓಡಾಡುತ್ತಿದ್ದುದು ಕಾಸು. ನಾವು ಇಂದು ಹಣಕ್ಕೆಲ್ಲ ಬಳಸುವ ದುಡ್ಡು ಎಂಬ ಮಾತೇ ಒಂದು ಕಾಲಕ್ಕೆ ತಾಮ್ರದ ನಾಣ್ಯದ ಹೆಸರಾಗಿತ್ತು. ಉಪ್ಪು, ಎಲೆ ಅಡಿಕೆ, ದೀಪದೆಣ್ಣೆ, ಕೂಲಿ, ಸುಂಕ ಎಲ್ಲ ಇದರಲ್ಲೇ. ಕೈಯ ಬೆವರಿನಲ್ಲಿರುವುದೂ ಉಪ್ಪು ಮತ್ತು ಆಮ್ಲ. ಸೊಂಟದ ಸಂಚಿ, ಸೆರಗಿನ ಗಂಟು, ಗಲ್ಲಾಪೆಟ್ಟಿಗೆ ಸುತ್ತಿ ಬಂದ ಕಾಸಿನಲ್ಲಿ ಸಿಂಹಗಳ ಮುಖ ಸವೆದು, ಬಣ್ಣ ಗಾಢ ಕಂದಿಗೆ ತಿರುಗಿದೆ.

ಸಂಗ್ರಾಹಕರ ಲೋಕದಲ್ಲಿ ತಾಮ್ರಕ್ಕೆ ಮೂರು ದರ್ಜೆ: ಕೆಂಪು, ಕೆಂಪುಗಂದು, ಕಂದು. ಮೂಲ ಕೆಂಪು ಶೇ. 95ರಷ್ಟಾದರೂ ಉಳಿದಿದ್ದರೆ ಮೊದಲ ದರ್ಜೆ, ಶೇ. 5ಕ್ಕಿಂತ ಕಡಿಮೆಯಾದರೆ ಕಂದು. ಬೆಲೆಯೂ ಅದೇ ಕ್ರಮದಲ್ಲಿ ಇಳಿಯುತ್ತದೆ. ನನಗೆ ಈ ಕ್ರಮದ ಮೇಲೆ ಸಿಟ್ಟೇನಿಲ್ಲ, ಆದರೆ ನನ್ನ ಕೆಲಸಕ್ಕೆ ಅದು ತಲೆಕೆಳಗು. ಕೆಂಪು ಕಾಸು ಟಂಕಸಾಲೆಯ ಬಗ್ಗೆ ಬಹಳ ಹೇಳುತ್ತದೆ: ಅಚ್ಚು ಎಷ್ಟು ಚೂಪಾಗಿತ್ತು, ಎಲ್ಲಿ ಬಿರುಕು ಬಿಟ್ಟಿತ್ತು, ಲೋಹ ಹೇಗೆ ಹರಡಿಕೊಂಡಿತು. ಅದರಿಂದ ಯಾರಾದರೂ ಏನನ್ನಾದರೂ ಕೊಂಡರೇ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಆ ಸಂಗತಿ ಗೊತ್ತಿರುವುದು ಕಂದು ಕಾಸಿಗೆ.

ಹಾಗಾಗಿ ಮೂಲ ಬಣ್ಣವನ್ನು ಉಳಿಸುವುದು ಒಂದು ಕೆಲಸ, ಮೂಲ ಬಣ್ಣವನ್ನು ಮರಳಿ ತರಿಸುವುದು ಇನ್ನೊಂದು. ಮೊದಲನೆಯದು ಸಂರಕ್ಷಣೆ. ಎರಡನೆಯದನ್ನು ನಮ್ಮಲ್ಲಿ ಹುಣಸೆಹಣ್ಣಿನಿಂದ ಮಾಡುತ್ತಾರೆ.

ದೇವರ ಮನೆಯ ಚೊಂಬಿಗೆ ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿದರೆ ಕ್ಷಣದಲ್ಲಿ ಫಳಫಳ. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬಿನ ಪದರವನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ನೆರವಾಗುತ್ತದೆ. ಚೊಂಬಿಗೆ ಇದು ಸರಿ. ಮನೆಯಲ್ಲಿ ಸಿಕ್ಕಿದ ಹಳೆಯ ಕಾಸನ್ನೂ ಅದೇ ಬಟ್ಟಲಿಗೆ ಹಾಕುವುದು ಹಬ್ಬದ ಮುನ್ನಾದಿನದ ಅಭ್ಯಾಸ. ಟಿಪ್ಪುವಿನ ಆನೆಯ ಪೈಸೆಯನ್ನು ತೆಗೆದುಕೊಳ್ಳಿ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿಯಲ್ಲಿ ಟಂಕಸಾಲೆಯ ಹೆಸರು: ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಜೆ. ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಪುಸ್ತಕ ಮಾಡಿದಾಗಲೂ ಇಂದಿಗೂ ಓದುವ ಬಗೆ ಒಂದೇ, ಅಕ್ಷರದ ಅಂಚುಗಳನ್ನು ಹುಡುಕುವುದು. ನೆಲದಲ್ಲಿ ಇದ್ದು ಬಂದ ನಾಣ್ಯದಲ್ಲಿ ಆ ಅಂಚು ಎಷ್ಟೋ ಸಲ ಲೋಹದಲ್ಲಿ ಉಳಿದಿರುವುದೇ ಇಲ್ಲ. ಲೋಹ ಕಿಲುಬಾಗಿ ಮಾರ್ಪಟ್ಟಾಗ ಅಕ್ಷರದ ಆಕಾರವನ್ನು ಹಿಡಿದಿಟ್ಟಿರುವುದು ಆ ಕಿಲುಬೇ. ಹುಣಸೆನೀರು ಅದನ್ನು ತೆಗೆದಾಗ ಹೊಳೆಯುವ ಬಿಲ್ಲೆ ಸಿಗುತ್ತದೆ, ಊರಿನ ಹೆಸರು ಹೋಗಿರುತ್ತದೆ. ಆನೆ ಮಾತ್ರ ದಪ್ಪವಾಗಿ ಕೆತ್ತಿದ್ದರಿಂದ ಹೇಗೋ ನಿಂತಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ಗಳದ್ದೂ ಇದೇ ಪಾಡು. ಕನ್ನಡದಲ್ಲಿ ತನ್ನ ಬೆಲೆಯನ್ನು ತಾನೇ ಹೇಳುವ ಆ ಪುಟ್ಟ ನಾಣ್ಯಗಳು ಪೇಟೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ, ಮೂಕಾಗಿ ಸಿಗುತ್ತವೆ. ತೂಕವೂ ಇಳಿದಿರುತ್ತದೆ, ಹಾಗಾಗಿ ತೂಕದ ಮಾನ ಹುಡುಕುವವರಿಗೂ ಅವು ನಿರುಪಯೋಗಿ. ಹಾಗೆ ಬಂದ ಕೆಂಪು ಟಂಕಸಾಲೆಯ ಕೆಂಪೂ ಅಲ್ಲ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೂಡುವ ಸೂಕ್ಷ್ಮ ಗೆರೆಗಳಿಂದ ಹೊಸ ನಾಣ್ಯದ ಹೊಳಪು ಬರುತ್ತದೆ. ಆಮ್ಲ ಮೊದಲು ತಿನ್ನುವುದು ಆ ಗೆರೆಗಳನ್ನೇ.

ಇಡುವ ಕ್ರಮಕ್ಕೆ ಬರುತ್ತೇನೆ. ಬೋಲ್ಟನ್ ತನ್ನ ಪ್ರದರ್ಶನದ ಮಾದರಿ ನಾಣ್ಯಗಳನ್ನು ಅಳತೆಗೆ ಸರಿಯಾಗಿ ಮಾಡಿದ ತೆಳುಲೋಹದ ಎರಡು ಹೋಳಿನ ಚಿಪ್ಪುಗಳಲ್ಲಿ ಕೂರಿಸಿ ಕೊಡುತ್ತಿದ್ದ. ಗಾಳಿ ಆಡದ ಚಿಪ್ಪಿನಲ್ಲಿ ಬಣ್ಣ ಇಂದಿಗೂ ಚೆನ್ನಾಗಿ ಉಳಿದಿರುವ ಉದಾಹರಣೆಗಳಿವೆ. ಇಂದಿನ ವಿಧಾನವೂ ಅದರ ಮುಂದುವರಿಕೆ: ನಾಣ್ಯವನ್ನು ಅಂಚಿನಲ್ಲಿ ಹಿಡಿಯುವುದು, ಮುಖವನ್ನು ಮುಟ್ಟದಿರುವುದು, ಪಾಲಿಯೆಸ್ಟರ್ ಹಾಳೆಯ ಲಕೋಟೆ ಅಥವಾ ಗಟ್ಟಿ ಅಕ್ರಿಲಿಕ್ ಡಬ್ಬಿಯಲ್ಲಿ ಇಡುವುದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಂ ತಾಮ್ರದ ಶತ್ರು. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ಹೊರಬಂದು, ಪ್ಲಾಸ್ಟಿಕ್ ಹಳತಾದಂತೆ ಆಮ್ಲವೂ ಬಿಡುಗಡೆಯಾಗಿ, ನಾಣ್ಯಕ್ಕೆ ಅಂಟಂಟು ಹಸಿರು ಹಿಡಿಯುತ್ತದೆ. ರಬ್ಬರ್ ಬ್ಯಾಂಡಿನಲ್ಲೂ ಉಣ್ಣೆಯ ಬಟ್ಟೆಯಲ್ಲೂ ಗಂಧಕವಿದೆ. ಅಗ್ಗದ ರಟ್ಟು ಮತ್ತು ಓಕ್‌ನಂಥ ಕೆಲವು ಮರಗಳು ಆಮ್ಲದ ಆವಿ ಬಿಡುತ್ತವೆ. ಯುರೋಪಿನ ಹಳೆಯ ಸಂಗ್ರಾಹಕರು ತಮ್ಮ ನಾಣ್ಯದ ಬೀರುಗಳಿಗೆ ಮಹಾಗನಿ ಮರವನ್ನೇ ಆರಿಸುತ್ತಿದ್ದುದು ಅಂದಕ್ಕಷ್ಟೇ ಅಲ್ಲ.

ನಮ್ಮ ಊರುಗಳಲ್ಲಿ ದೊಡ್ಡ ತೊಡಕು ತೇವ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮರೆತರೆ ಪ್ರಯೋಜನವಿಲ್ಲ, ಅದು ತೇವ ಕುಡಿದು ತುಂಬಿದ ಮೇಲೆ ಬಿಸಿ ಮಾಡಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಡಬ್ಬಿ ತೆರೆಯದಿರುವುದು ಇನ್ನೂ ಒಳ್ಳೆಯದು. ಕರಾವಳಿಯಲ್ಲಿ ಗಾಳಿಯಲ್ಲೇ ಉಪ್ಪಿದೆ. ಇಷ್ಟೆಲ್ಲ ಮಾಡಿದರೂ ಕೆಂಪು ನಿಧಾನವಾಗಿ ಮಾಗಿಯೇ ಮಾಗುತ್ತದೆ.

ಅಡ್ಮಿರಲ್ ಗಾರ್ಡ್ನರಿನ ಕಾಸುಗಳು ಈಗ ಹರಾಜುಗಳ ಮೂಲಕ ಭಾರತಕ್ಕೂ ಬರುತ್ತಿವೆ. ಹೊರಟ ಊರಿಗೆ ಸುಮಾರು ಎರಡು ಶತಮಾನ ತಡವಾಗಿ, ಚಿಲ್ಲರೆಯಾಗಿ ಅಲ್ಲ, ಹಡಗಿನ ಹೆಸರಿನ ಪ್ರಮಾಣಪತ್ರದೊಡನೆ. ಸಮುದ್ರದಿಂದ ಬಂದ ತಾಮ್ರದ ರಂಧ್ರಗಳಲ್ಲಿ ಕ್ಲೋರೈಡ್ ಉಳಿದಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಸುತ್ತಲಿನ ಸಾಪೇಕ್ಷ ಆರ್ದ್ರತೆಯನ್ನು ಶೇ. 40ರ ಒಳಗೆ ಇಟ್ಟರೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಹಿಟ್ಟಿನಂಥ ತೆಳುಹಸಿರು ಚುಕ್ಕೆ ಕಂಡರೆ ಆ ನಾಣ್ಯವನ್ನು ಬೇರೆ ಮಾಡಿ ಸಂರಕ್ಷಣಾ ಪ್ರಯೋಗಾಲಯಕ್ಕೆ ಒಯ್ಯಬೇಕು, ಅಡುಗೆಮನೆಗಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಅವು ಹೆಚ್ಚು ತೊಂದರೆ ಕೊಡಲಾರವು. ಮಂಗಳೂರಿನಲ್ಲಿ ಇಟ್ಟುಕೊಂಡವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಅಂಚುಗಳನ್ನು ನೋಡಬೇಕು.