ಟ್ಯಾಕ್ಸಿ ಚಾಲಕ ಕಂಡದ್ದು

1977ರ ಜನವರಿ 13, ಬೆಳಗಿನ ಜಾವ. ಅಲಾಸ್ಕಾದ ಆಂಕರೇಜ್‌ನಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ವಿಮಾನದ ಕ್ಯಾಪ್ಟನ್ ಒಬ್ಬನನ್ನು ನಿಲ್ದಾಣಕ್ಕೆ ಬಿಟ್ಟ. ಕ್ಯಾಪ್ಟನ್‌ನ ಮುಖ ಕೆಂಪೇರಿತ್ತು, ಮಾತಿಗೆ ಮಾತು ಕೂಡುತ್ತಿರಲಿಲ್ಲ. ನಿಲ್ಲಲು ಕಾರಿನ ಬಾಗಿಲು ಹಿಡಿಯಬೇಕಾಯಿತು. ಈತ ಕುಡಿದಿದ್ದಾನೆ ಎಂದು ಚಾಲಕನಿಗೆ ಖಾತ್ರಿಯಾಯಿತು. ಅವನು ಸುಮ್ಮನಿರದೆ ತನ್ನ ಕಚೇರಿಗೆ ಹೇಳಿದ. ಅಲ್ಲಿಂದ, ಜಪಾನ್ ಏರ್ ಲೈನ್ಸ್‌ನ ವಿಮಾನಗಳನ್ನು ಅಲ್ಲಿ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಗೆ ಫೋನ್ ಹೋಯಿತು. ಫೋನ್ ಎತ್ತಿಕೊಂಡ ನೌಕರ, ಏನಾದರೂ ಹೆಚ್ಚುಕಡಿಮೆ ಇದ್ದರೆ ಏರ್‌ಲೈನಿನವರೇ ಗಮನಿಸುತ್ತಾರೆ ಎಂದುಕೊಂಡ. ಮಾತು ಅಲ್ಲಿಗೇ ನಿಂತಿತು.

ಹೊರಡಬೇಕಿದ್ದದ್ದು ಡಿಸಿ-8 ಸರಕು ವಿಮಾನ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹತ್ತಿಸಿದ್ದ ಜೀವಂತ ಜಾನುವಾರುಗಳನ್ನು ಟೋಕಿಯೊಗೆ ಒಯ್ಯುತ್ತಿತ್ತು. ಆಂಕರೇಜ್‌ನಲ್ಲಿ ಸಿಬ್ಬಂದಿ ಬದಲಾದರು. ಹೊಸ ಕ್ಯಾಪ್ಟನ್ 53 ವರ್ಷದ ಅಮೆರಿಕನ್, 20,000 ಗಂಟೆಗೂ ಹೆಚ್ಚು ಹಾರಾಟದ ಅನುಭವಿ. ಸಹಪೈಲಟ್ ಮತ್ತು ಫ್ಲೈಟ್ ಎಂಜಿನಿಯರ್ ಇಬ್ಬರೂ ಜಪಾನೀಯರು, ವಯಸ್ಸಿನಲ್ಲಿ ಬಹಳ ಕಿರಿಯರು. ಇವರಲ್ಲದೆ ಜಾನುವಾರು ನೋಡಿಕೊಳ್ಳಲು ಇಬ್ಬರಿದ್ದರು.

ಹೊರಗೆ ಕೊರೆಯುವ ಚಳಿ, ದಟ್ಟ ಮಂಜು. ವಿಮಾನದ ಮೈಮೇಲೆ ಹಿಮ ಕಟ್ಟಿತ್ತು. ರೆಕ್ಕೆಯ ಮೇಲೆ ಹಿಮ ಕೂತರೆ ತೂಕ ಹೆಚ್ಚುವುದು ಸಣ್ಣ ಸಮಸ್ಯೆ; ದೊಡ್ಡದು ಅದರ ಒರಟುತನ. ರೆಕ್ಕೆಯ ನುಣುಪು ಮೈಗೆ ಅಂಟಿಕೊಂಡು ಸಾಗುವ ಗಾಳಿಯೇ ವಿಮಾನವನ್ನು ಎತ್ತುವುದು. ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿಯ ಹರಿವು ರೆಕ್ಕೆಯಿಂದ ಕಿತ್ತುಹೋಗಿ ವಿಮಾನ ಕುಸಿಯುತ್ತದೆ. ಪೈಲಟ್‌ಗಳು ಇದನ್ನು ಸ್ಟಾಲ್ ಎನ್ನುತ್ತಾರೆ. ಉಪ್ಪುಕಾಗದದಷ್ಟು ಒರಟಾದ ತೆಳು ಹಿಮ ಕೂತರೂ ಸ್ಟಾಲ್ ಬೇಗ ಬರುತ್ತದೆ. ಹಿಮ ಕಟ್ಟಿದ ರೆಕ್ಕೆ ಪೈಲಟ್‌ನ ತಪ್ಪನ್ನು ತಡೆದುಕೊಳ್ಳುವುದಿಲ್ಲ.

ಬೆಳಿಗ್ಗೆ 6:35ರ ಸುಮಾರಿಗೆ ವಿಮಾನ ನೆಲ ಬಿಟ್ಟಿತು. ಸ್ವಲ್ಪವೇ ಮೇಲೇರಿ, ಸ್ಟಾಲ್ ಆಗಿ ಬಿತ್ತು. ಐವರೂ ಸತ್ತರು. ಕ್ಯಾಪ್ಟನ್‌ನ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 298 ಮಿಲಿಗ್ರಾಂ ಆಲ್ಕೋಹಾಲ್ ಸಿಕ್ಕಿತು. ಅಲಾಸ್ಕಾದಲ್ಲಿ ಆಗ 100 ಇದ್ದರೆ ಕಾರು ಓಡಿಸುವುದೂ ಅಪರಾಧವಾಗಿತ್ತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಕ್ಯಾಪ್ಟನ್‌ನ ಅಮಲು, ಅವನು ವಿಮಾನ ನಡೆಸಿದ ರೀತಿ, ಹಿಮ ಈ ಮೂರನ್ನೂ ಹೆಸರಿಸಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು: ಉಳಿದ ಸಿಬ್ಬಂದಿ ಅವನನ್ನು ತಡೆಯದೇ ಇದ್ದದ್ದೂ ಅಪಘಾತಕ್ಕೆ ಕಾರಣಗಳಲ್ಲೊಂದು.

ಜಪಾನೀಯರು ಹಿರಿಯರಿಗೆ ಎದುರಾಡುವುದಿಲ್ಲ, ಅದಕ್ಕೇ ಹೀಗಾಯಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಎರಡೂವರೆ ತಿಂಗಳ ನಂತರ, ಮಾರ್ಚ್ 27ರಂದು, ಟೆನೆರಿಫ್ ದ್ವೀಪದ ಮಂಜಿನಲ್ಲಿ ಡಚ್ ವಿಮಾನವೊಂದು ಟೇಕಾಫ್‌ಗೆ ಓಡತೊಡಗಿತು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಅದರ ಫ್ಲೈಟ್ ಎಂಜಿನಿಯರ್ ಪ್ರಶ್ನೆಯ ರೂಪದಲ್ಲಿ ಕೇಳಿದ. ಕ್ಯಾಪ್ಟನ್ ಬಿಟ್ಟಿದೆ ಎಂದ. ಎಂಜಿನಿಯರ್ ಮತ್ತೆ ಕೇಳಲಿಲ್ಲ. 583 ಜನ ಸತ್ತರು. ಆ ಕಾಕ್‌ಪಿಟ್‌ನಲ್ಲಿದ್ದ ಮೂವರೂ ಡಚ್ಚರು. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಇಂಧನ ಮುಗಿದು ವಿಮಾನವೊಂದು ಬಿದ್ದಾಗ ಸಿಬ್ಬಂದಿಯೆಲ್ಲ ಅಮೆರಿಕನ್ನರು. ಇಂಧನ ಕಡಿಮೆಯಾಗುತ್ತಿದೆ ಎಂಬುದು ಅಲ್ಲಿ ಮಾತಿಗೆ ಬಂದಿತ್ತು. ಆದರೆ ಕ್ಯಾಪ್ಟನ್‌ಗೆ ನಾಟುವಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ.

ಭಾಷಾವಿಜ್ಞಾನಿ ಶಾರ್ಲಟ್ ಲಿಂಡ್ 1980ರ ದಶಕದಲ್ಲಿ ಕಾಕ್‌ಪಿಟ್ ಸಂಭಾಷಣೆಗಳನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಕಿರಿಯರು ಹಿರಿಯರೊಂದಿಗೆ ಮಾತನ್ನು ಮೆದುಗೊಳಿಸುತ್ತಾರೆ. ಹಾಗೆ ಮೆದುಗೊಂಡ ಸಲಹೆ ಸೋಲುವ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡರು. ಕನ್ನಡದಲ್ಲಿ ಇದು ಪ್ರತಿದಿನ ಕಿವಿಗೆ ಬೀಳುತ್ತದೆ. 'ನಿಲ್ಲಿಸಿ' ಎನ್ನಬೇಕಾದ ಕಡೆ 'ಒಂದ್ಸಲ ನೋಡೋಣ್ವಾ ಸಾರ್' ಎನ್ನುತ್ತೇವೆ. ಮರ್ಯಾದೆ ಉಳಿಯುತ್ತದೆ, ಎಚ್ಚರಿಕೆ ಕಳೆದುಹೋಗುತ್ತದೆ.

ಪೋರ್ಟ್‌ಲೆಂಡ್ ಅಪಘಾತದ ನಂತರ, 1979ರಲ್ಲಿ, ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ತರಬೇತಿ ಶುರುಮಾಡಿತು. ಕಿರಿಯರು ಬಾಯಿ ಬಿಡಬೇಕು, ಹಿರಿಯರು ಕಿವಿ ಕೊಡಬೇಕು ಎಂಬುದು ಇಂದು ಪೈಲಟ್‌ಗಳ ಪಾಠದ ಭಾಗ.

ಆಂಕರೇಜ್‌ನ ಟ್ಯಾಕ್ಸಿ ಚಾಲಕನಿಗೆ ಅಂಥ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕ್ಯಾಪ್ಟನ್ ಅವನ ಮೇಲಧಿಕಾರಿಯಲ್ಲ. ಬಹುಶಃ ಅದಕ್ಕೇ ಅವನಿಗೆ ಹೇಳುವುದು ಸುಲಭವಾಯಿತು. ಕಾಕ್‌ಪಿಟ್‌ನೊಳಗಿನ ಇಬ್ಬರಿಗೆ ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವಿತ್ತು. ಫೋನ್ ಎತ್ತಿಕೊಂಡವನಿಗೆ ಅದೂ ಇರಲಿಲ್ಲ. ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿದ್ದರೆ ಸಾಕಿತ್ತು.